ಜಾಯ್, ಡಿಲೈಟ್: ಎರಡೂ ಖುಷಿಯೇ ಅಲ್ವಾ?

ಪ್ರಶ್ನೆ:
ಅಕ್ಕನ ಮಗಳ ನಾಮಕರಣಕ್ಕೆ ಇಂಗ್ಲಿಷಿನಲ್ಲೂ ಒಂದು ಆಮಂತ್ರಣ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮಗು ಮನೆಗೆ ತಂದ ಖುಷಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಜಾಯ್ ಅಂತ ಬರೆಯಲೋ, ಡಿಲೈಟ್ ಅಂತಲೋ? ಡಿಕ್ಷನರಿ ನೋಡಿದರೆ ಎರಡಕ್ಕೂ ಸಂತೋಷ, ಆನಂದ ಅಂತಲೇ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1:
ಜಾಯ್ ಅಂತಲೇ ಬರೆಯಿರಿ. ಅದು ಆಳದ ಖುಷಿ, ಒಳಗೇ ಉಳಿಯುವಂಥದ್ದು. ನಾವು ನೋವು ನಲಿವು ಅನ್ನುವ ಕಡೆ ಇಂಗ್ಲಿಷಿನವರು 'ಜಾಯ್ಸ್ ಅಂಡ್ ಸಾರೋಸ್' ಅನ್ನುತ್ತಾರೆ, ಅಲ್ಲಿ ಡಿಲೈಟ್ ಬರುವುದಿಲ್ಲ. ಆನಂದಬಾಷ್ಪ ಕೂಡ 'ಟಿಯರ್ಸ್ ಆಫ್ ಜಾಯ್'. ಡಿಲೈಟ್ ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ ಎದುರಿಗೆ ಏನಾದರೂ ಇರಬೇಕು, ನೋಡಿದ್ದೋ ಕೇಳಿದ್ದೋ ತಿಂದದ್ದೋ. ಬಿಸಿ ಹೋಳಿಗೆ ಮೇಲೆ ತುಪ್ಪ ಬಿದ್ದಾಗ ಆಗುವುದು ಡಿಲೈಟ್. ಎಷ್ಟೋ ವರ್ಷ ಕಾದ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ ಆಗುವುದು ಜಾಯ್.

ಉತ್ತರ 2:
ಹೋಳಿಗೆ ಉದಾಹರಣೆ ಸರಿಯಾಗಿದೆ. ಡಿಲೈಟ್ ಮತ್ತು ಡೆಲಿಶಸ್ ಎರಡೂ ಒಂದೇ ಲ್ಯಾಟಿನ್ ಬೇರಿನಿಂದ ಬಂದವು, ಆ ಬೇರಿಗೆ ಮರುಳು ಮಾಡಿ ಸೆಳೆಯುವುದು ಅಂತ ಅರ್ಥ. ಒಳಗೆ ಲೈಟ್ ಕಾಣುತ್ತದೆ ಅಂತ ಬೆಳಕಿಗೂ ಅದಕ್ಕೂ ಗಂಟು ಹಾಕಬೇಡಿ, ಮೊದಲು ಆ ಸ್ಪೆಲಿಂಗಿನಲ್ಲಿ ಜಿ, ಎಚ್ ಇರಲೇ ಇಲ್ಲ, 16ನೇ ಶತಮಾನದಲ್ಲಿ ಲೈಟ್ ಪದವನ್ನು ನೋಡಿ ಸೇರಿಸಿಕೊಂಡದ್ದು.

ಆದರೆ ಡಿಲೈಟ್ ಅಂದರೆ ಸಣ್ಣ ಖುಷಿ ಅಂದುಕೊಳ್ಳಬೇಡಿ. 'ಡಿಲೈಟೆಡ್' ಅನ್ನುವುದು 'ಹ್ಯಾಪಿ'ಗಿಂತ ಜಾಸ್ತಿ, ಹಿಗ್ಗಿ ಹೀರೇಕಾಯಿ ಆದ ಹಾಗೆ. ಆ ಪದದಲ್ಲೇ 'ತುಂಬಾ' ಸೇರಿರುವುದರಿಂದ ಅದಕ್ಕೆ 'ವೆರಿ' ಹಚ್ಚಿದರೆ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಬೇಕಿದ್ದರೆ 'ಅಬ್ಸಲ್ಯೂಟ್ಲಿ' ಹಾಕಬಹುದು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹಾಗಾದರೆ ಮಗುವನ್ನೇ 'ಎ ಡಿಲೈಟ್' ಅಂದರೆ ತಪ್ಪಾ?

ಉತ್ತರ 1:
ತಪ್ಪಲ್ಲ, ಮುದ್ದಾಗಿರುತ್ತದೆ. ಅವಳ ಜೊತೆ ಇದ್ದರೇನೇ ಖುಷಿ ಅಂತ ಅರ್ಥ ಬರುತ್ತದೆ. ಆಮಂತ್ರಣದಲ್ಲಿ ಮಾತ್ರ ಮಗು ಹುಟ್ಟಿದ ಮಾತಿಗೆ ಜಾಯ್ ಇರಲಿ, ಕೊನೆಯಲ್ಲಿ ನೀವು ಬಂದರೆ ನಮಗೆ ಖುಷಿ ಅನ್ನುವ ಸಾಲಿಗೆ 'ವಿ ವುಡ್ ಬಿ ಡಿಲೈಟೆಡ್' ಹಾಕಿ. ಅಕ್ಕನಿಗೆ ಶುಭಾಶಯ ಹೇಳಿ. ಹೆಸರು ಏನಿಟ್ಟಿರಿ ಅಂತ ಆಮೇಲೆ ತಿಳಿಸಿ!