ಪದಚರ್ಚೆ: ಕೈಪಿಡಿಗಳಲ್ಲಿ ‘ತಪ್ಪು’ ಎಂದರೆ ಯಾವ ತಪ್ಪು?

ಎಲ್ಲರಿಗೂ ನಮಸ್ಕಾರ.

ಕರಡು ತಿದ್ದುವ ಕೆಲಸಕ್ಕೆ ಹೊಸದಾಗಿ ಸೇರಿದ ಕಿರಿಯರೊಬ್ಬರು ಬರವಣಿಗೆಗೆ ಯಾವ ಕೈಪಿಡಿ ಇಟ್ಟುಕೊಳ್ಳಲಿ ಎಂದು ಕೇಳಿದರು. ಹೆಸರು ಹೇಳುವ ಮೊದಲು ನನಗೇ ಒಂದು ಸಂಗತಿ ಸ್ಪಷ್ಟವಾಗಬೇಕಿದೆ. ಕೈಪಿಡಿಗಳ ‘ತಪ್ಪು–ಒಪ್ಪು’ ಪಟ್ಟಿಯಲ್ಲಿ ‘ತಪ್ಪು’ ಎಂಬ ಮಾತು ಏನನ್ನು ಹೇಳುತ್ತದೆ?

ಇಂಥ ಪಟ್ಟಿಯ ಒಂದೇ ಸಾಲಿನಲ್ಲಿ ‘ಶುಭಾಷಯ’, ‘ಪ್ರಾಮುಖ್ಯತೆ’, ‘ಆಫೀಸ್’ ಮೂರೂ ಕೂತಿರಬಹುದು. ಎದುರಿಗೆ ‘ಶುಭಾಶಯ’, ‘ಪ್ರಾಮುಖ್ಯ’, ‘ಆಫೀಸು’. ಮೊದಲನೆಯದು ಕಾಗುಣಿತದ ಮಾತು. ಶುಭ ಮತ್ತು ಆಶಯ ಸೇರಿದರೆ ‘ಷ’ ಬರಲು ದಾರಿಯೇ ಇಲ್ಲ. ಮೂರನೆಯದು ಬರಿಯ ಆಯ್ಕೆ. ಒಂದು ಪತ್ರಿಕೆ ಉಕಾರ ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಒಂದೇ ಪುಸ್ತಕದಲ್ಲಿ ಎರಡೂ ಬೆರೆಯದಿದ್ದರೆ ಸಾಕು. ಇವೆರಡಕ್ಕೂ ಒಂದೇ ಹಣೆಪಟ್ಟಿ ಹಚ್ಚಿದರೆ ಕಲಿಯುವವರಿಗೆ ಯಾವುದರಲ್ಲಿ ಬಿಗಿಯಾಗಿರಬೇಕು, ಯಾವುದರಲ್ಲಿ ಸಡಿಲ ಬಿಡಬಹುದು ಎಂಬುದೇ ತಿಳಿಯುವುದಿಲ್ಲ.

ನಡುವಿನದೇ ನಿಜವಾದ ತೊಡಕು. ‘ಪ್ರಮುಖ’ಕ್ಕೆ ಭಾವವಾಚಕ, ಅಂದರೆ ಗುಣವನ್ನು ಹೆಸರಿಸುವ ನಾಮಪದ, ಮಾಡಲು ಸಂಸ್ಕೃತದಲ್ಲಿ ಎರಡು ದಾರಿಗಳಿವೆ. ಮೊದಲ ಸ್ವರವನ್ನು ಹಿಗ್ಗಿಸಿ ಕೊನೆಗೆ ಯಕಾರ ತಂದರೆ ‘ಪ್ರಾಮುಖ್ಯ’, ಇದ್ದ ಹಾಗೇ ಇಟ್ಟು ‘ತೆ’ ಹಚ್ಚಿದರೆ ‘ಪ್ರಮುಖತೆ’. ‘ಪ್ರಾಮುಖ್ಯತೆ’ಯಲ್ಲಿ ಎರಡೂ ಕೂಡಿಬಿಟ್ಟಿವೆ. ವಿವಿಧ–ವೈವಿಧ್ಯ, ವಿಶಿಷ್ಟ–ವೈಶಿಷ್ಟ್ಯ ಇವುಗಳ ಮೇಲೂ ‘ತೆ’ ಹತ್ತಿ ಕೂತಿದೆ. ಆದರೆ ‘ಸೌಂದರ್ಯತೆ’ ಎಂದು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ, ಗಮನಿಸಿ. ಅಂದರೆ ಕಿವಿ ಕೆಲವನ್ನು ಒಪ್ಪಿದೆ, ಕೆಲವನ್ನು ಒಪ್ಪಿಲ್ಲ.

ಕಾರಣ ಹೇಳದೆ ‘ತಪ್ಪು’ ಎಂದಷ್ಟೇ ಬರೆದ ಕೈಪಿಡಿಯ ಅಪಾಯ ಇಲ್ಲೇ ಇದೆ. ಅದನ್ನು ನಂಬಿದವರು ‘ಯಕಾರದ ಮೇಲೆ ತೆ ಬರಕೂಡದು’ ಎಂಬ ಸೂತ್ರವನ್ನು ತಾವೇ ಕಟ್ಟಿಕೊಂಡು ‘ಯೋಗ್ಯತೆ’, ‘ಸಾಧ್ಯತೆ’, ‘ಮಾನ್ಯತೆ’ಗಳಿಗೂ ಕತ್ತರಿ ಹಾಕುತ್ತಾರೆ. ಅವು ಸರಿಯಾದ ರೂಪಗಳು. ಯೋಗ್ಯ, ಸಾಧ್ಯ, ಮಾನ್ಯ ಮೂಲತಃ ವಿಶೇಷಣಗಳು. ಅವಕ್ಕೆ ‘ತೆ’ ಬೇಕೇಬೇಕು. ಎರಡು ಸಾಲಿನ ವಿವರಣೆ ಕೊಟ್ಟಿದ್ದರೆ ಓದುವವರು ಈ ಗುಂಡಿಗೆ ಬೀಳುತ್ತಿರಲಿಲ್ಲ. ‘ಕೋಟ್ಯಾಧಿಪತಿ’ಯೂ ಹಾಗೆಯೇ, ಸರಿಯಾದ ರೂಪ ‘ಕೋಟ್ಯಧಿಪತಿ’. ಕೋಟಿ, ಅಧಿಪತಿ ಸೇರುವಾಗ ಇಕಾರ ಯಕಾರವಾಗುತ್ತದೆ, ಮುಂದಿನ ಅಕಾರ ಹ್ರಸ್ವವಾಗಿಯೇ ಉಳಿಯುತ್ತದೆ, ಯಣ್ ಸಂಧಿ ಎಂದು ಒಮ್ಮೆ ತಿಳಿದರೆ ‘ಜಾತ್ಯತೀತ’ವನ್ನು ಬೇರೆಯಾಗಿ ಕಲಿಯಬೇಕಿಲ್ಲ.

ಹೀಗಾಗಿ ಆ ಕಿರಿಯರಿಗೆ ಹೇಳಿದ್ದು ಇಷ್ಟು: ಕೊಳ್ಳುವ ಮೊದಲು ‘ಪ್ರಾಮುಖ್ಯತೆ’ ಇರುವ ಪುಟ ತೆರೆದು ನೋಡಿ. ತೀರ್ಪು ಮಾತ್ರ ಇದೆಯೋ, ಕಾರಣವೂ ಇದೆಯೋ? ಕೊನೆಯಲ್ಲಿ ಪದಸೂಚಿ ಇಲ್ಲದಿದ್ದರೆ ಬಿಟ್ಟುಬಿಡಿ. ಕೆಲಸದ ನಡುವೆ ಹುಡುಕಿ ಸಿಗದ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ.

ರೂಢಿಗೆ ಜಾಗ ಬಿಡುವುದು ನಮ್ಮ ವ್ಯಾಕರಣಕ್ಕೆ ಹೊಸತೇನಲ್ಲ. ಸಂಸ್ಕೃತ ಪದಕ್ಕೆ ಕನ್ನಡ ಪದ ಹೆಣೆಯುವ ಅರಿಸಮಾಸವನ್ನು 13ನೇ ಶತಮಾನದ ಕನ್ನಡ ವ್ಯಾಕರಣಕಾರ ಕೇಶಿರಾಜ ವಿರುದ್ಧವೆಂದೇ ಕರೆದ. ಕರೆದೂ, ಬಿರುದಾವಳಿಗಳಲ್ಲಿ ಮತ್ತು ಹಿಂದಿನವರು ಬಳಸಿದ ಸಮಾಸಗಳಲ್ಲಿ ಸಲ್ಲುತ್ತದೆ ಎಂದು ಸೇರಿಸಿದ. ಇಂದು ‘ಮತಗಟ್ಟೆ’, ‘ದಿನಗೂಲಿ’ ಇಲ್ಲದೆ ಸುದ್ದಿ ಬರೆಯಲಾದೀತೆ?

ಇನ್ನೂ ಸೂಕ್ಷ್ಮವಾದ ಮಾದರಿ ಸಂಸ್ಕೃತ ವ್ಯಾಕರಣಕಾರ ಪಾಣಿನಿಯಲ್ಲಿದೆ. ವಿಕಲ್ಪವನ್ನು, ಅಂದರೆ ಹೀಗೂ ಆಗಬಹುದು ಹಾಗೂ ಆಗಬಹುದು ಎಂಬುದನ್ನು, ಹೇಳಲು ಆತ ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಮ್’ ಎಂಬ ಮೂರು ಮಾತುಗಳನ್ನು ಬಳಸುತ್ತಾನೆ. ಟೀಕಾಕಾರರ ಪರಂಪರೆ ಮೂರಕ್ಕೂ ಒಂದೇ ಅರ್ಥ ಹಿಡಿದಿತ್ತು. ಭಾಷಾವಿಜ್ಞಾನಿ ಪಾಲ್ ಕಿಪಾರ್ಸ್ಕಿ 1979ರಲ್ಲಿ ಬೇರೆ ವಾದ ಮುಂದಿಟ್ಟರು. ಅವರ ಪ್ರಕಾರ ‘ವಾ’ ಎಂದರೆ ಇದೇ ಮೇಲು, ‘ವಿಭಾಷಾ’ ಎಂದರೆ ಸಲ್ಲುತ್ತದೆ ಆದರೆ ಮೇಲಲ್ಲ, ‘ಅನ್ಯತರಸ್ಯಾಮ್’ ಎಂದರೆ ಎರಡೂ ಸಮ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೂ ಇಂದಿನ ಕೈಪಿಡಿಗೆ ಬೇಕಾದ ಮೆಟ್ಟಿಲುಗಳು ಇವೇ ಎಂದು ನನಗೆ ಬಲವಾಗಿ ಅನಿಸುತ್ತದೆ. ‘ಪ್ರಾಮುಖ್ಯತೆ’ಯನ್ನು ನಾನು ಎರಡನೆಯ ಮೆಟ್ಟಿಲಲ್ಲಿ ಇಡುತ್ತೇನೆ. ನನ್ನ ಬರಹದಲ್ಲಿ ಅದು ಬರುವುದಿಲ್ಲ, ಬೇರೆಯವರ ಬರಹದಲ್ಲಿ ಕಂಡರೆ ಕೆಂಪು ಗೆರೆ ಎಳೆಯುವುದೂ ಇಲ್ಲ.

ಈಗ ಕೇಳಬೇಕಾದದ್ದು. ಈ ಮೂರು ಮೆಟ್ಟಿಲುಗಳಿಗೆ ಕನ್ನಡದಲ್ಲಿ ಏನೆನ್ನೋಣ? ಮೊದಲನೆಯದಕ್ಕೆ ‘ಮೇಲು’, ಎರಡನೆಯದಕ್ಕೆ ‘ಸಲ್ಲುತ್ತದೆ’, ಮೂರನೆಯದಕ್ಕೆ ‘ಎರಡೂ ಸರಿ’ ಎಂದು ನನ್ನ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ‘ತಪ್ಪು’ ಎಂಬುದನ್ನು ‘ಶುಭಾಷಯ’ದಂಥವಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ‘ಅಶುದ್ಧ’, ‘ಅಸಾಧು’ ಎಂಬ ಹಳೆಯ ಮಾತುಗಳಿವೆ, ಆದರೆ ಅವು ರೂಪವನ್ನಲ್ಲ, ಬರೆದವರನ್ನೇ ಗದರುವಂತೆ ಕೇಳುತ್ತವೆ. ಇದಕ್ಕಿಂತ ಚೆನ್ನಾದ ಪದಗಳು ಹೊಳೆದರೆ ದಯವಿಟ್ಟು ತಿಳಿಸಿ.

ಜೊತೆಗೇ ಇನ್ನೊಂದು. ಪದ ಬಿಡಿಸಿ ಬರೆಯುವುದನ್ನು ಕೈಪಿಡಿಗಳು ಸಾಮಾನ್ಯವಾಗಿ ಆಯ್ಕೆಯ ಪಾಲಿಗೆ ಬಿಡುತ್ತವೆ. ಆದರೆ ‘ಪುಸ್ತಕ ನೋಡಿ ಕೊಂಡ’ ಎಂದರೆ ಕಣ್ಣಾಡಿಸಿ ದುಡ್ಡು ಕೊಟ್ಟ. ‘ಮಗುವನ್ನು ನೋಡಿಕೊಂಡ’ ಎಂದರೆ ಪೋಷಿಸಿದ. ಇಲ್ಲಿ ಜಾಗ ಬಿಡುವುದು ಅರ್ಥದ ವಿಷಯವಾಯಿತು, ರುಚಿಯದಲ್ಲ. ‘ಮಾಡ ಬೇಕು’ ಎಂದು ಒಡೆಯುವುದೂ ಸಲ್ಲದೆಂದು ನನ್ನ ಎಣಿಕೆ, ಈ ಅರ್ಥದಲ್ಲಿ ‘ಮಾಡ’ ತಾನೊಂದೇ ನಿಲ್ಲುವ ಮಾತಲ್ಲ. ಹೀಗೆ ಬಿಡಿಸಿದರೆ ಒಂದು, ಕೂಡಿಸಿದರೆ ಇನ್ನೊಂದು ಅರ್ಥ ಕೊಡುವ ಕ್ರಿಯಾಪದಗಳು ನಿಮ್ಮ ಗಮನಕ್ಕೆ ಬಂದಿದ್ದರೆ ವಾಕ್ಯದ ಸಮೇತ ಬರೆಯಿರಿ. ‘ಕೊಳ್ಳು’ ಅಷ್ಟೇ ಅಲ್ಲ, ‘ಬಿಡು’, ‘ಹಾಕು’, ‘ಕೊಡು’ ಸೇರಿದವೂ ಬೇಕು.