ಬ್ರೇಕ್ ಬಿಟ್ಟು ಎರಡು ಸೆಕೆಂಡ್ ಆದರೂ ಕಾರು ಕದಲುವುದಿಲ್ಲ (2017 ಎಎಂಟಿ ಪೆಟ್ರೋಲ್)

ರಿಂಗ್‌ರೋಡ್ ಮೈಸೂರು:

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪೆಟ್ರೋಲ್ ಎಎಂಟಿ (ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಹಾಕಿಕೊಳ್ಳುವ) ಹ್ಯಾಚ್‌ಬ್ಯಾಕ್. 61,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಒಂದು ತೊಂದರೆ ಶುರುವಾಗಿದೆ. ನಿಂತ ಜಾಗದಿಂದ ಹೊರಡುವಾಗ ಬ್ರೇಕ್‌ನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತುತ್ತೇನೆ. ಕಾರು ಹಾಗೇ ನಿಂತಿರುತ್ತದೆ. ಒಂದೂವರೆ, ಎರಡು ಸೆಕೆಂಡ್ ಆದ ಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ಜರ್ಕ್ ಹೊಡೆದು ಮುಂದೆ ಹೋಗುತ್ತದೆ. ಪ್ರತಿ ಸಲ ಹೀಗಾಗುವುದಿಲ್ಲ. ಹತ್ತರಲ್ಲಿ ಮೂರು ನಾಲ್ಕು ಸಲ ಆಗುತ್ತದೆ. ಒಮ್ಮೆ ಹೊರಟ ಮೇಲೆ ಏನೂ ತೊಂದರೆ ಇಲ್ಲ. ಗೇರ್ ಸರಿಯಾಗಿ ಬದಲಾಗುತ್ತದೆ, ಮೈಲೇಜೂ ಇಳಿದಿಲ್ಲ.

ನಮ್ಮ ಬಡಾವಣೆಯಿಂದ ರಿಂಗ್ ರೋಡಿಗೆ ಸೇರುವ ಕಡೆ ಸಿಗ್ನಲ್ ಇಲ್ಲ. ಗಾಡಿಗಳ ನಡುವೆ ಜಾಗ ನೋಡಿಕೊಂಡೇ ನುಗ್ಗಬೇಕು. ಮೊನ್ನೆ ಟಿಪ್ಪರ್ ಒಂದು ಸಾಕಷ್ಟು ದೂರದಲ್ಲಿತ್ತು. ಈಗ ಹೋಗಬಹುದು ಅಂತ ಬ್ರೇಕ್ ಬಿಟ್ಟೆ. ಕಾರು ಅಲ್ಲಾಡಲಿಲ್ಲ. ಅದು ಜರ್ಕ್ ಹೊಡೆದು ಹೊರಡುವ ಹೊತ್ತಿಗೆ ಟಿಪ್ಪರ್ ಹತ್ತಿರ ಬಂದುಬಿಟ್ಟಿತ್ತು. ಮತ್ತೆ ಬ್ರೇಕ್ ತುಳಿದೆ. ಮಗಳು ಪಕ್ಕದ ಸೀಟಿನಲ್ಲಿದ್ದಳು. ಅವತ್ತಿನಿಂದ ಆ ಜಾಗಕ್ಕೆ ಬಂದರೆ ಕೈ ಬೆವರುತ್ತದೆ.

ಒಂದು ವರ್ಕ್‌ಶಾಪ್‌ನಲ್ಲಿ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ಕ್ಲೀನ್ ಮಾಡಿ 1,800 ರೂಪಾಯಿ ತಗೊಂಡರು. ಏನೂ ಬದಲಾಗಲಿಲ್ಲ. ಎರಡನೇ ಸಲ ಹೋದಾಗ ಕ್ಲಚ್ ಆಕ್ಚುವೇಟರ್ (ಕ್ಲಚ್ ಒತ್ತಿ ಬಿಡುವ ಯಂತ್ರ) ಹೋಗಿದೆ, 50 ಸಾವಿರದ ಹತ್ತಿರ ಆಗುತ್ತದೆ ಅಂದರು. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಸ್ಕ್ಯಾನ್‌ನಲ್ಲಿ ಯಾವ ದೋಷದ ಕೋಡೂ ಇಲ್ಲ. ಇಷ್ಟು ದುಡ್ಡು ಹಾಕುವ ಮೊದಲು ಬೇರೆ ಏನಾದರೂ ನೋಡಬಹುದಾ? ದಯವಿಟ್ಟು ತಿಳಿದವರು ಹೇಳಿ.

ಸಿಲ್ಕ್‌ಬೋರ್ಡ್ ಪಯಣಿಗ:

ಮೇಡಂ, ಆಕ್ಸಿಲರೇಟರ್ ಪೆಡಲ್ ಹತ್ತಿರ ಸಿಕ್ಕಿಸುವ ಒಂದು ಸಣ್ಣ ಡಬ್ಬಿ ಬರುತ್ತದೆ, ಥ್ರಾಟಲ್ ಕಂಟ್ರೋಲರ್ ಅಂತ. ನನ್ನ ಗೆಳೆಯ ಹಾಕಿಸಿದ್ದಾನೆ, ಪಿಕಪ್ ಚುರುಕಾಗಿದೆ. ಒಮ್ಮೆ ನೋಡಿ.

ಹಳೇಪಾನಾ ತುಮಕೂರು:

ಮೇಡಂ, ಆಕ್ಚುವೇಟರ್‌ಗೆ ಈಗಲೇ ದುಡ್ಡು ಕೊಡಬೇಡಿ. ಆ ಡಬ್ಬಿಗೂ ಬೇಡ. ಅದು ಪೆಡಲ್‌ನಿಂದ ಹೋಗುವ ಸಿಗ್ನಲ್ಲನ್ನು ಹೆಚ್ಚು ಮಾಡಿ ಕಳಿಸುತ್ತದೆ, ಅಷ್ಟೇ. ನೀವು ಕಾಲು ಭಾಗ ಒತ್ತಿದರೆ ಅರ್ಧ ಒತ್ತಿದ ಹಾಗೆ ಎಂಜಿನ್‌ಗೆ ಕಾಣುತ್ತದೆ. ಎಂಜಿನ್‌ಗೆ ಹೊಸ ಶಕ್ತಿ ಬರುವುದಿಲ್ಲ. ಕ್ಲಚ್ ಬೇಗ ಕಚ್ಚುವುದೂ ಇಲ್ಲ. ನಿಮ್ಮ ತೊಂದರೆಯ ಮೇಲೆ ಅದನ್ನು ಹಾಕಿದರೆ ಜರ್ಕ್ ಇನ್ನೂ ಜೋರಾಗಬಹುದು.

ನಾನು 22 ವರ್ಷ ಗೇರ್‌ಬಾಕ್ಸ್ ಕೆಲಸ ಮಾಡಿದ್ದೇನೆ. ಹೊರಡುವಾಗ ತಡ ಅಂತ ಯಾರು ಬಂದರೂ ನಾನು ಮೊದಲು ಕೇಳುವುದು ಒಂದೇ. ಕಾರು ಕದಲದೆ ನಿಂತಿರುವ ಆ ಎರಡು ಸೆಕೆಂಡ್‌ನಲ್ಲಿ ಆರ್‌ಪಿಎಂ ಮುಳ್ಳು (ಎಂಜಿನ್ ತಿರುಗುವ ವೇಗ ತೋರಿಸುವ ಮುಳ್ಳು) ಏನು ಮಾಡುತ್ತದೆ?

ಮುಳ್ಳು 2000, 2500ಕ್ಕೆ ಏರಿ ಕಾರು ಮಾತ್ರ ನಿಂತಿದ್ದರೆ ಎಂಜಿನ್ ದುಡಿಯುತ್ತಿದೆ, ಆ ದುಡಿತ ಚಕ್ರಕ್ಕೆ ತಲುಪುತ್ತಿಲ್ಲ ಅಂತ ಅರ್ಥ. ಆಗ ಕ್ಲಚ್ ಪ್ಲೇಟ್, ಆಕ್ಚುವೇಟರ್, ಅದನ್ನು ನಡೆಸುವ ಎಎಂಟಿ ಆಯಿಲ್ ಕಡೆ ನೋಡಬೇಕು. ಪೆಡಲ್ ಒತ್ತಿದರೂ ಮುಳ್ಳು ಐಡಲ್‌ನಲ್ಲೇ (ಪೆಡಲ್ ಮುಟ್ಟದಾಗಿನ ಕಡಿಮೆ ವೇಗದಲ್ಲೇ) ಕೂತಿದ್ದರೆ ಎಂಜಿನ್‌ಗೆ ಹೊರಡು ಅನ್ನುವ ಅಪ್ಪಣೆಯೇ ಸಿಕ್ಕಿಲ್ಲ. ಆಗ ಕ್ಲಚ್ ಬಿಚ್ಚಿ ಏನೂ ಪ್ರಯೋಜನವಿಲ್ಲ. ಇನ್ನು ಎಂಜಿನ್ ಗೊಣಗುಟ್ಟಿ, ಕಾರಿನ ಹಿಂಭಾಗ ಸ್ವಲ್ಪ ಕುಗ್ಗಿ, ಆಮೇಲೆ ಬಿಡಿಸಿಕೊಂಡು ಹೊರಟರೆ ಯಾವುದೋ ಬ್ರೇಕ್ ಹಿಡಿದುಕೊಂಡಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಇರಬಹುದು, ಚಕ್ರದ ಬ್ರೇಕ್ ಹಿಡಿಯುವ ಕ್ಯಾಲಿಪರ್ ಇರಬಹುದು.

ಸುಮ್ನೆ ಒಂದು ದಿನ ಓಡಿಸಿ, ಆ ಮುಳ್ಳು ನೋಡಿ ಹೇಳಿ. ಪಕ್ಕದಲ್ಲಿ ಕೂತವರಿಗೆ ಮೊಬೈಲ್‌ನಲ್ಲಿ ಮೀಟರ್ ವಿಡಿಯೊ ಮಾಡಲು ಹೇಳಿ. ನೀವು ರಸ್ತೆ ನೋಡಬೇಕು, ಮುಳ್ಳನ್ನಲ್ಲ.

ಘಟ್ಟದ ದಾರಿ:

ನನ್ನ ಡೀಸೆಲ್ ಎಸ್‌ಯುವಿ ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್ ಗಾಡಿ. ಅದೂ ಹೊರಡುವಾಗ ಒಂದು ಗಳಿಗೆ ಯೋಚನೆ ಮಾಡುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ನಿಂತು ಹೊರಡುವಾಗ ಚೆನ್ನಾಗಿ ಗೊತ್ತಾಗುತ್ತದೆ. ಇದೂ ಅದೇ ತೊಂದರೆಯಾ ಅಣ್ಣ?

ಹಳೇಪಾನಾ ತುಮಕೂರು:

ನಿಮ್ಮದು ಬೇರೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಆಯಿಲ್ ತಿರುಗುತ್ತಿರುತ್ತದೆ. ಬ್ರೇಕ್ ಬಿಟ್ಟ ತಕ್ಷಣ ಗಾಡಿ ತೆವಳಬೇಕು. ತೆವಳುತ್ತದೆ, ಆದರೆ ಒತ್ತಿದಷ್ಟು ಬೇಗ ಎಳೆಯುವುದಿಲ್ಲ ಅಂದರೆ ಅದು ಟರ್ಬೊ ಗಾಳಿ ತುಂಬಿಕೊಳ್ಳುವ ಹೊತ್ತು. ಮೊದಲಿನಿಂದಲೂ ಹಾಗೇ ಇದ್ದರೆ ಚಿಂತೆ ಬೇಡ. ಈಚೆಗೆ ಜಾಸ್ತಿ ಆಗಿದ್ದರೆ ಏರ್ ಫಿಲ್ಟರ್, ಟರ್ಬೊ ಪೈಪ್‌ಗಳು, ಗೇರ್‌ಬಾಕ್ಸ್ ಆಯಿಲ್ ನೋಡಿಸಿ. ಡಿಗೆ (ಡ್ರೈವ್‌ಗೆ) ಹಾಕಿದ ಮೇಲೆ ಗೇರ್ ಹಿಡಿಯಲು ಎರಡು ಮೂರು ಸೆಕೆಂಡ್ ಬೇಕಾದರೆ ಮಾತ್ರ ಆಯಿಲ್ ಮಟ್ಟವನ್ನು ಮೊದಲು ನೋಡಿಸಿ.

ಸಿಲ್ಕ್‌ಬೋರ್ಡ್ ಪಯಣಿಗ:

ನನ್ನದು ಡ್ರೈ ಕ್ಲಚ್ ಡಿಸಿಟಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. ಬೆಳಿಗ್ಗೆ ಚೆನ್ನಾಗಿರುತ್ತದೆ. ಸಂಜೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ತೆವಳಿದ ಮೇಲೆ ನಡುಗುತ್ತಾ ಹೊರಡುತ್ತದೆ.

ಹಳೇಪಾನಾ ತುಮಕೂರು:

ಕ್ಲಚ್ ಬಿಸಿಯಾಗಿದೆ. ಅದಕ್ಕೆ ತಣಿಸುವ ಆಯಿಲ್ ಇರುವುದಿಲ್ಲ, ಗಾಳಿಯೇ ಗತಿ. ಮುಂದಿನ ಗಾಡಿಗೆ ಅಂಟಿಕೊಂಡು ಅರ್ಧ ಅಡಿ, ಅರ್ಧ ಅಡಿ ಸರಿಯಬೇಡಿ. ಎರಡು ಕಾರಿನಷ್ಟು ಜಾಗ ಆಗಲು ಬಿಟ್ಟು ಒಂದೇ ಸಲ ಹೋಗಿ ನಿಲ್ಲಿ. ನಡುವೆ ಯಾರಾದರೂ ನುಗ್ಗಿದರೆ ನುಗ್ಗಲಿ. ಹಾಗೆ ಮಾಡಿಯೂ ನಡುಕ ಹೋಗದಿದ್ದರೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ಮೇಡಂ ಅವರ ಕಾರು ಮುಗಿಸೋಣ.

ರಿಂಗ್‌ರೋಡ್ ಮೈಸೂರು:

ಸರ್, ಮಗಳು ವಿಡಿಯೊ ಮಾಡಿದಳು. ಒಟ್ಟು 11 ಸಲ ನಿಂತು ಹೊರಟೆ. ನಾಲ್ಕು ಸಲ ತಡವಾಯಿತು. ನಾಲ್ಕೂ ಸಲ ಮುಳ್ಳು 800ರ ಹತ್ತಿರವೇ ಕೂತಿದೆ! ನಾನು ಪೆಡಲ್ ಒತ್ತಿದ್ದೇನೆ, ಅದು ವಿಡಿಯೊದಲ್ಲಿ ಕಾಣುತ್ತದೆ. ಮುಳ್ಳು ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಗೇ 1800ಕ್ಕೆ ಹಾರುತ್ತದೆ, ಕಾರು ಜರ್ಕ್ ಹೊಡೆಯುತ್ತದೆ. ಕ್ಲಚ್ ವಾಸನೆ ಯಾವತ್ತೂ ಬಂದಿಲ್ಲ.

ಹಳೇಪಾನಾ ತುಮಕೂರು:

ತುಂಬಾ ಒಳ್ಳೆಯ ಕೆಲಸ ಮಾಡಿದಿರಿ. ಮಗಳಿಗೂ ಹೇಳಿ. ನನಗೆ ಈಗ ನಿಮ್ಮ ಬ್ರೇಕ್ ಸ್ವಿಚ್ ಮೇಲೆ ಅನುಮಾನ.

ಯಾಕೆ ಅಂತ ಹೇಳುತ್ತೇನೆ. ಎಎಂಟಿ ಅಂದರೆ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂತು. ನಿಮ್ಮ ಎಡಗಾಲು ಮಾಡಬೇಕಾದ ಕ್ಲಚ್ ಕೆಲಸವನ್ನೂ ಎಡಗೈ ಮಾಡಬೇಕಾದ ಗೇರ್ ಕೆಲಸವನ್ನೂ ಆಕ್ಚುವೇಟರ್ ಮಾಡುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಕಂಪ್ಯೂಟರ್. ನೀವು ಬ್ರೇಕ್ ತುಳಿದು ನಿಂತಿರುವಷ್ಟು ಹೊತ್ತು ಅದು ಕ್ಲಚ್ ಬಿಡಿಸಿಕೊಂಡೇ ಇರುತ್ತದೆ. ಬಿಡಿಸದಿದ್ದರೆ ಎಂಜಿನ್ ಆಫ್ ಆಗುತ್ತದೆ, ಅಲ್ವಾ? ನೀವು ಬ್ರೇಕ್ ಬಿಟ್ಟಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಪೆಡಲ್ ಮೇಲ್ಗಡೆ ಇರುವ ಒಂದು ಸಣ್ಣ ಸ್ವಿಚ್‌ನಿಂದ. ಹಿಂದಿನ ಕೆಂಪು ಬ್ರೇಕ್ ಲೈಟ್ ಹೊತ್ತಿಸುವುದೂ ಅದೇ ಸ್ವಿಚ್.

ಕಾಲು ತೆಗೆದ ಮೇಲೂ ಆ ಸ್ವಿಚ್ ಬ್ರೇಕ್ ಇದೆ, ಬ್ರೇಕ್ ಇದೆ ಅನ್ನುತ್ತಿದ್ದರೆ ಕಂಪ್ಯೂಟರ್ ಕ್ಲಚ್ ಕೂಡಿಸುವುದಿಲ್ಲ. ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಒಟ್ಟಿಗೆ ಒತ್ತಿದ ಹಾಗೆ ಕಂಡರೆ ಎಷ್ಟೋ ಕಾರುಗಳಲ್ಲಿ ಎಂಜಿನ್ನೂ ಏರುವುದಿಲ್ಲ. ಅದು ಸುರಕ್ಷತೆಗೆ ಇಟ್ಟಿರುವ ಏರ್ಪಾಡು. ಮುಳ್ಳು 800ರಲ್ಲೇ ಕೂರುವುದು ಅದಕ್ಕೇ. ಸ್ವಿಚ್ ಕೊನೆಗೂ ಬಿಟ್ಟಾಗ ನಿಮ್ಮ ಕಾಲು ಆಗಲೇ ಆಕ್ಸಿಲರೇಟರ್ ಮೇಲೆ ಜೋರಾಗಿ ಕೂತಿರುತ್ತದೆ. ಹಾಗಾಗಿ ಜರ್ಕ್.

ಮನೆಯಲ್ಲೇ ನೋಡಬಹುದು. ರಾತ್ರಿ ಕಾರಿನ ಹಿಂಭಾಗ ಗೋಡೆಗೆ ಬರುವ ಹಾಗೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಗೇರ್ ಎನ್‌ನಲ್ಲಿ (ನ್ಯೂಟ್ರಲ್‌ನಲ್ಲಿ) ಇರಲಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಹೆಡ್‌ಲೈಟ್ ಆಫ್ ಮಾಡಿ. ಕನ್ನಡಿಯಲ್ಲಿ ಗೋಡೆ ನೋಡುತ್ತಾ ಬ್ರೇಕ್ ತುಳಿದು ಬಿಡಿ. ಇಪ್ಪತ್ತು ಸಲ ಮಾಡಿ. ಒಮ್ಮೆ ತಟ್ಟನೆ ಬಿಡಿ, ಒಮ್ಮೆ ಮೆಲ್ಲಗೆ ಬಿಡಿ. ಕಾಲು ತೆಗೆದ ಮೇಲೂ ಗೋಡೆ ಕೆಂಪಗೆ ಉಳಿದರೆ, ಹಾಗೇ ಪಾದದ ತುದಿಯಿಂದ ಪೆಡಲನ್ನು ಕೆಳಗಿನಿಂದ ಸ್ವಲ್ಪ ಮೇಲಕ್ಕೆ ಎತ್ತಿ ನೋಡಿ.

ರಿಂಗ್‌ರೋಡ್ ಮೈಸೂರು:

ಸರ್, ಈಗ ತಾನೇ ಮಾಡಿ ಬಂದೆ. ಕೈ ಇನ್ನೂ ನಡುಗುತ್ತಿದೆ, ಅಷ್ಟು ಸಂತೋಷ.

ಮೊದಲ ಏಳು ಸಲ ಸರಿಯಾಗಿ ಆರಿತು. ನಿಮ್ಮ ಊಹೆ ತಪ್ಪಿರಬೇಕು ಅಂದುಕೊಂಡೆ. ಎಂಟನೇ ಸಲ ಬ್ರೇಕನ್ನು ಮೆಲ್ಲಗೆ ಬಿಟ್ಟೆ, ಸಿಗ್ನಲ್‌ನಲ್ಲಿ ಬಿಡುವ ಹಾಗೆ. ಕಾಲು ಪೂರ್ತಿ ತೆಗೆದು ಮ್ಯಾಟ್ ಮೇಲೆ ಇಟ್ಟಿದ್ದೇನೆ, ಕಾಂಪೌಂಡ್ ಗೋಡೆ ಇನ್ನೂ ಕೆಂಪಗಿದೆ. ಒಂದು, ಎರಡು ಅಂತ ಎಣಿಸಿದೆ. ಆಮೇಲೆ ಆರಿತು. ಹನ್ನೊಂದನೇ ಸಲ ಆರಲೇ ಇಲ್ಲ. ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ಪೆಡಲನ್ನು ಮೇಲಕ್ಕೆ ಎತ್ತಿದೆ. ಒಂದು ನೂಲಿನಷ್ಟು ಎದ್ದಿತು ಅಷ್ಟೇ. ಗೋಡೆ ತಕ್ಷಣ ಕತ್ತಲಾಯಿತು.

ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಮ್ಯಾಟ್‌ನ ಮೂಲೆಯಲ್ಲಿ ಹಳದಿ ಪ್ಲಾಸ್ಟಿಕ್ ಚೂರುಗಳು. ಹುರಿಗಡಲೆ ಒಡೆದು ಉದುರಿಸಿದ ಹಾಗೆ. ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುತ್ತವೆ. ಇವು ಏನು?

ಹಳೇಪಾನಾ ತುಮಕೂರು:

ಸಿಕ್ಕಿತು ಮೇಡಂ. ಪೆಡಲ್ ಕಂಬದಲ್ಲಿ ಒಂದು ತೂತು ಇರುತ್ತದೆ. ಅದರಲ್ಲಿ ಗುಂಡಿಯಂಥ ಪ್ಲಾಸ್ಟಿಕ್ ಸ್ಟಾಪರ್ ಕೂತಿರುತ್ತದೆ. ಪೆಡಲ್ ಮೇಲೆ ಬಂದಾಗ ಅದು ಸ್ವಿಚ್‌ನ ಕಡ್ಡಿಯನ್ನು ಒತ್ತಿ ಹಿಡಿಯುತ್ತದೆ, ಆಗ ಬ್ರೇಕ್ ಲೈಟ್ ಆರುತ್ತದೆ. ಬಿಸಿಲು, ವಯಸ್ಸು ಎರಡೂ ಸೇರಿ ಆ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಆಗಿಬಿಡುತ್ತದೆ. ನಿಮ್ಮದು ಅರ್ಧ ಒಡೆದಿದೆ. ಕಡ್ಡಿ ಉಳಿದ ಅಂಚಿನ ಮೇಲೆ ಕೂತರೆ ಸರಿ, ಜಾರಿದರೆ ತಡ. ಹತ್ತರಲ್ಲಿ ನಾಲ್ಕು ಸಲ ಅಂದಿರಲ್ಲ, ಅದಕ್ಕೇ.

ಇದನ್ನು ಮುಂದಿನ ವಾರಕ್ಕೆ ಅಂತ ಇಡಬೇಡಿ. ಪೂರ್ತಿ ಉದುರಿದರೆ ಕಡ್ಡಿ ತೂತಿನೊಳಗೆ ನುಗ್ಗುತ್ತದೆ, ಬ್ರೇಕ್ ಲೈಟ್ ಸದಾ ಉರಿಯುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು, ನೀವು ನಿಜವಾಗಿ ಬ್ರೇಕ್ ಹಾಕಿದಾಗ ಹಿಂದಿನವರಿಗೆ ಗೊತ್ತೇ ಆಗುವುದಿಲ್ಲ.

ಸ್ಟಾಪರ್ ಹಾಕಿದ ಮೇಲೆ ಸ್ವಿಚ್ ಅಡ್ಜಸ್ಟ್ ಸರಿಯಿದೆಯಾ ಅಂತ ನೋಡಲು ಹೇಳಿ. ಪೆಡಲನ್ನು ಸ್ವಲ್ಪ ಮುಟ್ಟಿದರೆ ಲೈಟ್ ಹೊತ್ತಬೇಕು, ಬಿಟ್ಟರೆ ಆರಬೇಕು. ಸ್ವಿಚ್ಚನ್ನು ತೀರಾ ಮುಂದೆ ತಂದು ಪೆಡಲನ್ನೇ ತಳ್ಳಿ ಹಿಡಿಯುವ ಹಾಗೆ ಮಾಡಬಾರದು. ಆಗ ಬ್ರೇಕ್ ಸದಾ ಉಜ್ಜುತ್ತದೆ.

ರಿಂಗ್‌ರೋಡ್ ಮೈಸೂರು:

ಕೆಲಸ ಆಯಿತು ಸರ್. ಸ್ಟಾಪರ್ 40 ರೂಪಾಯಿ, ಕೂಲಿ 150. ಮನೆ ಹತ್ತಿರದ ಸಣ್ಣ ಗ್ಯಾರೇಜ್‌ನ ಹುಡುಗ ಡ್ರೈವರ್ ಸೀಟ್ ಹಿಂದೆ ಸರಿಸಿ, ತಲೆ ಕೆಳಗೆ ಮಾಡಿ ಮಲಗಿ ಹತ್ತು ನಿಮಿಷದಲ್ಲಿ ಹಾಕಿದ. ಮೂರು ದಿನ ಓಡಿಸಿದೆ. ಒಂದು ಸಲವೂ ಆ ತಡ ಬಂದಿಲ್ಲ. ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇನ್ನೊಂದು ಸಣ್ಣ ಅನುಮಾನ. ಈಗಲೂ ಅರ್ಧ ಸೆಕೆಂಡ್‌ನಷ್ಟು ತಡ ಇದೆ. ಹೊಸದಿದ್ದಾಗಲೂ ಇತ್ತು ಅನಿಸುತ್ತದೆ.

ಹಳೇಪಾನಾ ತುಮಕೂರು:

ಅದು ಎಎಂಟಿಯ ಗುಣ, ಇರಲಿ ಬಿಡಿ. ಕ್ಲಚ್ ಮೆಲ್ಲಗೆ ಕೂಡಲು ಅಷ್ಟು ಹೊತ್ತು ಬೇಕು. ರಿಂಗ್ ರೋಡಿಗೆ ಸೇರುವಾಗ ಎನ್‌ನಲ್ಲಿ ಕಾಯಬೇಡಿ. ಎನ್‌ನಿಂದ ಡಿಗೆ ತಂದಾಗ ಅದು ಮೊದಲ ಗೇರ್ ಹಾಕಿಕೊಳ್ಳಬೇಕು, ಅಲ್ಲಿ ಇನ್ನಷ್ಟು ಹೊತ್ತು ಹೋಗುತ್ತದೆ. ಡಿನಲ್ಲೇ ಬ್ರೇಕ್ ತುಳಿದು ನಿಂತಿರಿ. ಬ್ರೇಕ್ ಬಿಡಿ, ಕಾರು ಒಂದು ಗೇಣು ತೆವಳಿದ್ದು ಮೈಗೆ ಗೊತ್ತಾಗಲಿ, ಆಮೇಲೆ ಒತ್ತಿ. ಕ್ಲಚ್ ಕೂಡಿದ ಮೇಲೆ ಒತ್ತಿದರೆ ಒತ್ತಿದಷ್ಟೂ ಎಳೆಯುತ್ತದೆ. ಆ ಅರ್ಧ ಸೆಕೆಂಡ್ ಲೆಕ್ಕ ಹಾಕಿಕೊಂಡೇ ಜಾಗ ನೋಡಿ. ಟಿಪ್ಪರ್ ವಿಷಯದಲ್ಲಿ ಒಂದು ಗಾಡಿ ಬಿಟ್ಟುಕೊಟ್ಟರೂ ಪರವಾಗಿಲ್ಲ.

ಕಡಲತೀರ ಮಂಗಳೂರು:

ಈ ಚರ್ಚೆ ಓದಿ ನಾನೂ ಗೋಡೆಗೆ ನಿಲ್ಲಿಸಿ ನೋಡಿದೆ. ನನ್ನದೂ ಎಎಂಟಿ, 78,000 ಕಿ.ಮೀ. ಬ್ರೇಕ್ ಲೈಟ್ ತಕ್ಷಣ ಆರುತ್ತದೆ. ಆದರೆ ನಮ್ಮ ಮನೆ ಮುಂದಿನ ಏರು ಹತ್ತುವಾಗ ಮುಳ್ಳು 3000ಕ್ಕೆ ಹೋಗುತ್ತದೆ, ಕಾರು ನಿಧಾನಕ್ಕೆ ಹೊರಡುತ್ತದೆ. ಸುಟ್ಟ ವಾಸನೆಯೂ ಇದೆ.

ಹಳೇಪಾನಾ ತುಮಕೂರು:

ನಿಮ್ಮದು ಕ್ಲಚ್ ಕಡೆಯದು ಸರ್. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್‌ನಿಂದಲೇ ಕಾರು ಹಿಡಿದು ನಿಲ್ಲಿಸುವ ಅಭ್ಯಾಸ ಇದೆಯಾ? ಇದ್ದರೆ ಇವತ್ತೇ ಬಿಡಿ, ಹ್ಯಾಂಡ್‌ಬ್ರೇಕ್ ಬಳಸಿ. ಮೊದಲು ಎಎಂಟಿ ಆಯಿಲ್ ಮಟ್ಟವನ್ನು ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ನೋಡಿಸಿ. ಕಡಿಮೆ ಇದ್ದರೆ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಅದರ ಬದಲು ಬ್ರೇಕ್ ಆಯಿಲ್ ಸುರಿಯಲು ಯಾರಿಗೂ ಬಿಡಬೇಡಿ.

ಆಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ ಕಚ್ಚುವ ಜಾಗವನ್ನು ಹೊಸದಾಗಿ ಕಲಿಸಿ ನೋಡಲಿ. ಅದರಿಂದ ಸರಿಹೋದರೆ ಒಳ್ಳೆಯದು. ಆದರೆ ವಾಸನೆ ಬಂದಿದೆ ಅಂದರೆ ಪ್ಲೇಟ್ ಸವೆದಿರುವ ಸಂಭವವೇ ಜಾಸ್ತಿ. ಬಿಚ್ಚಿದರೆ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಕೊಡಬೇಕಾಗುವುದಿಲ್ಲ. ಹೊಸ ಪ್ಲೇಟ್ ಹಾಕಿದ ದಿನವೇ ಕಚ್ಚುವ ಜಾಗ ಮತ್ತೆ ಕಲಿಸಬೇಕು. ಎಷ್ಟೋ ಕಡೆ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಹೊಸ ಕ್ಲಚ್ಚೂ ಹಳೆಯದರ ಹಾಗೇ ಜಾರುತ್ತದೆ ಅಂತ ಜನ ಬರುತ್ತಾರೆ. ಗಾಡಿ ತಗೊಳ್ಳುವ ಮೊದಲು ಅಲ್ಲೇ ಹತ್ತಿರದ ಒಂದು ಏರಿನಲ್ಲಿ ನಿಲ್ಲಿಸಿ, ಹೊರಡಿಸಿ, ಮುಳ್ಳು ನೋಡಿ. ಆಮೇಲೆ ದುಡ್ಡು ಕೊಡಿ.