ಅಪ್‌ಡೇಟ್: ಕವರ್ ಇಲ್ಲದ ಎಲ್‌ಪಿ ಯಾರದೆಂದು ಗೊತ್ತಾಯಿತು

ಮಡಿಕೇರಿ ಮನೆಯ ಅಟ್ಟದಲ್ಲಿ ಅಪ್ಪನ ಎಲ್‌ಪಿ (ಗ್ರಾಮೊಫೋನ್ ರೆಕಾರ್ಡ್) ಸಿಕ್ಕಿದೆ, ಲೇಬಲ್ ತುಂಬ ಬೂಷ್ಟು, ಹಾಡುವವರಿಲ್ಲ, ಬರೀ ಪಿಟೀಲು, ಯಾರ ಆರ್ಕೆಸ್ಟ್ರಾ ಅಂತ ಕೇಳಿದ್ದೆನಲ್ಲ? ಬ್ರಿಟನ್ನಿನ ಆರ್ಕೆಸ್ಟ್ರಾ ನಾಯಕ ಮಾಂಟೊವಾನಿಯದು ಅಂದವರೇ ಸರಿ. ಲೇಬಲ್ಲನ್ನು ಮೆಲ್ಲಗೆ ಒರೆಸಿದಾಗ ‘ಮಾಂಟೊ’ ಅನ್ನುವಷ್ಟು ಕಂಡಿತು.

ಮೊದಲನೆಯದು ‘ಶಾರ್ಮೇನ್’, 1926ರ ಮೂಕಿಚಿತ್ರವೊಂದರ ಜೊತೆ ನುಡಿಸುತ್ತಿದ್ದ ವಾಲ್ಟ್ಜ್ (ಮೂರೆಣಿಕೆಯ ನೃತ್ಯದ ಧಾಟಿ). 1951ರಲ್ಲಿ ಮಾಂಟೊವಾನಿಗಾಗಿ ಅದನ್ನು ಹೊಸದಾಗಿ ಹೊಂದಿಸಿದ್ದು ರೊನಾಲ್ಡ್ ಬಿಂಜ್. ಪಿಟೀಲುಗಳನ್ನು ಗುಂಪು ಮಾಡಿ, ಒಂದು ಗುಂಪು ಸ್ವರ ಹಿಡಿದು ನಿಂತಿರುವಾಗಲೇ ಇನ್ನೊಂದಕ್ಕೆ ಮುಂದಿನ ಸ್ವರ ಕೊಟ್ಟಿದ್ದಾರೆ. ದೊಡ್ಡ ಚರ್ಚಿನೊಳಗಿನ ಮಾರ್ದನಿಯ ಹಾಗೆ ಕೇಳುತ್ತದೆ. ನಾನೋ, ಅದು ಪ್ಲೇಯರಿನ ದೋಷ ಅಂತ ಬೆಲ್ಟ್ ಬೇರೆ ಬದಲಾಯಿಸಿದ್ದೆ!

ಎರಡನೇ ಬದಿಯ ಸಿನಿಮಾ ಹಾಡುಗಳು ನನಗೆ ಸ್ವಲ್ಪ ಅತಿ ಸಿಹಿ. ಅಮ್ಮನಿಗೆ ಮಾತ್ರ ಸಂಜೆ ತೋಟದ ಲೆಕ್ಕ ಬರೆಯುವಾಗ ಅದೇ ಬೇಕು.